ಹಾಸಿಗೆಯಕ್ಕ ಮತ್ತು ಮಲಗಿದ ಲಾರಿಗಳು

ಊರಿನ ವರ್ತುಲ ರಸ್ತೆಯ ಅಂಚಿಗಿದ್ದ ಅಂಗಡಿ ಸಾಲಿನಲ್ಲಿ ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದವಳು ಅವಳೊಬ್ಬಳೇ. ಅಂಗಡಿಯ ಬಾಗಿಲು ರಸ್ತೆಯ ಕಡೆಗಿತ್ತು, ಬೋರ್ಡೂ ರಸ್ತೆಯ ಕಡೆಗೇ ಇತ್ತು. ಒಡತಿ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು, ಗೋಡೆಯನ್ನು ನೋಡುತ್ತ, ತನ್ನದೇ ನೆರಳು ಬಿದ್ದ ಬಟ್ಟೆಯ ಮೇಲೆ ಹೊಲಿಗೆ ಹಾಕುತ್ತಿದ್ದಳು. ಹೊಸದಾಗಿ ಬಂದ ಗಿರಾಕಿಗಳು, "ಬೆಳಕಿಗೆ ಎದುರಾಗಿ ಕೂತ್ಕೋಬಾರ್ದೇನಮ್ಮಾ?" ಎಂದು ಕೇಳಿದರೆ, "ಬಿಸಿಲು ಕಣ್ಣಿಗೆ ಹೊಡೆಯುತ್ತೆ" ಎನ್ನುತ್ತಿದ್ದಳು. ಮೋಡ ಕವಿದ ದಿನವೂ ಅದೇ ಉತ್ತರ. ನಿಜವಾದ ಕಾರಣ ಬೀದಿಗೆಲ್ಲ ಗೊತ್ತಿತ್ತು, ಯಾರೂ ಕೆದಕುತ್ತಿರಲಿಲ್ಲ.

ಅವಳನ್ನು ಎಲ್ಲರೂ ಹಾಸಿಗೆಯಕ್ಕ ಎನ್ನುತ್ತಿದ್ದರು. ಅಳಿಯ ಕೂಡ ಒಮ್ಮೆ ಬಾಯಿತಪ್ಪಿ ಹಾಗೆ ಕರೆದು, ಹೆಂಡತಿಯ ಕೈಯಲ್ಲಿ ಚಿವುಟಿಸಿಕೊಂಡಿದ್ದ. ಅಗಲ ಭುಜದ, ಗಟ್ಟಿ ಕೈಗಳ ಹೆಂಗಸು. ತಲೆಗೂದಲಲ್ಲಿ ಸದಾ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದುದರಿಂದ ನರೆ ಯಾವುದು ಹತ್ತಿ ಯಾವುದು ಎಂದು ಹೇಳುವುದು ಕಷ್ಟವಾಗಿತ್ತು. ಹಾಸಿಗೆ ಮಾಡಿಸಲು ಬಂದವರಿಗೆ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ ಅಳತೆಯದ್ದಲ್ಲ, "ಹೇಗೆ ಮಲಗ್ತೀರಿ? ಅಂಗಾತವೋ, ಪಕ್ಕಕ್ಕೋ, ಬೋರಲೋ?" ಹೊಸದಾಗಿ ಮದುವೆಯಾದ ಜೋಡಿಗಳು ಈ ಪ್ರಶ್ನೆಗೆ ಕೆಂಪಗಾಗಿ ಒಬ್ಬರನ್ನೊಬ್ಬರು ನೋಡಿಕೊಂಡರೆ, "ನನ್ನ ಹತ್ರ ನಾಚ್ಕೊಂಡ್ರೆ ಆಮೇಲೆ ಸೊಂಟ ಹಿಡ್ಕೊಂಡು ಬರ್ತೀರಿ" ಎಂದು ಗದರಿಸುತ್ತಿದ್ದಳು. ಹತ್ತಿ ತುಂಬಿ, ಮೊಣಕಾಲೂರಿ ಒತ್ತಿ, ಎಲ್ಲಿ ಗಂಟಿದೆ ಎಂದು ಮೊಣಕಾಲಿನಿಂದಲೇ ಹುಡುಕಿ, ಅಲ್ಲಿ ಬಿಚ್ಚಿ ಮತ್ತೆ ತುಂಬುತ್ತಿದ್ದಳು.

ಕೆಲಸ ಕಲಿಸಿದವನು ಮಾವ. ಸೊಸೆಯ ಕೈಗೆ ಹಾಸಿಗೆ ಹೊಲಿಯುವ ದಬ್ಬಳ ಕೊಟ್ಟಾಗ ಅತ್ತೆ ರಂಪ ಮಾಡಿದ್ದಳಂತೆ. ಮಗನೋ, ಅಂದರೆ ಇವಳ ಗಂಡ, ಹೊಲಿಗೆಗೆ ಕೂರುವ ಜಾಯಮಾನದವನಲ್ಲ. ಸಿಳ್ಳೆ ಹೊಡೆಯುತ್ತ, ಸಿದ್ಧವಾದ ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಮುಟ್ಟಿಸಿ ಬರುವುದೇ ಅವನಿಗೆ ಇಷ್ಟ. ದೊಡ್ಡ ಹಾಸಿಗೆ ಹೊತ್ತಾಗ ಅವನ ಮುಖವೇ ಕಾಣುತ್ತಿರಲಿಲ್ಲ. ಎರಡು ಕಾಲು ಬಂದ ಹಾಸಿಗೆಯೊಂದು ಸಿಳ್ಳೆ ಹಾಕಿಕೊಂಡು ಬರುತ್ತಿರುವಂತೆ ಕಂಡು ಬೀದಿಯ ಮಕ್ಕಳು ಹಿಂದೆ ಓಡುತ್ತಿದ್ದವು. ಹಾಗೆ ಹೊತ್ತುಕೊಂಡೇ ಒಂದು ಬೆಳಿಗ್ಗೆ ರಸ್ತೆ ದಾಟಲು ಅಂಚಿನಲ್ಲಿ ನಿಂತಿದ್ದಾಗ ಲಾರಿಯೊಂದು ರಸ್ತೆ ಬಿಟ್ಟು ಮಣ್ಣಿಗಿಳಿದು ನೇರ ಅವನ ಮೇಲೆ ಬಂತು. ಹಾಸಿಗೆ ಚರಂಡಿಯಾಚೆ ಹೋಗಿ ಬಿದ್ದಿತ್ತು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ಕೋರ್ಟಿನಲ್ಲಿ ಡ್ರೈವರ್ ತಲೆ ತಗ್ಗಿಸಿಕೊಂಡು, ಬ್ರೇಕ್ ಹಿಡಿಯಲಿಲ್ಲ ಎಂದ. ನೋಡಿದವರೆಲ್ಲ ಬೇರೆಯೇ ಹೇಳುತ್ತಿದ್ದರು. ಗಾಡಿ ಸೀದಾ ಬಂತು, ಹಾರ್ನ್ ಇಲ್ಲ, ತಿರುಗಿಸಿದ್ದೂ ಇಲ್ಲ ಎಂದು. ಹಾಸಿಗೆಯಕ್ಕ ಅವನ ಮುಖವನ್ನೇ ನೋಡುತ್ತ ಕೂತಿದ್ದಳು, ಒಮ್ಮೆಯಾದರೂ ತಲೆ ಎತ್ತುತ್ತಾನೇನೋ ಎಂದು. ಎತ್ತಲಿಲ್ಲ. ಅವನಿಗೆ ಶಿಕ್ಷೆ ಕಡಿಮೆಯಾಯಿತು ಎಂದು ನೆಂಟರು ಕೊರಗಿದರು. ಅವಳ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಶಿಕ್ಷೆಯ ಮಾತಲ್ಲ, ಬ್ರೇಕಿನ ಮಾತು. ಗಂಡ ಹೇಗೆ ಸತ್ತ ಎಂಬುದನ್ನು ಕೂಡ ಯಾರೂ ತನಗೆ ನೆಟ್ಟಗೆ ಹೇಳಲಿಲ್ಲವಲ್ಲ ಎಂಬ ಉರಿ.

ಅಂದಿನಿಂದ ಅವಳು ರಸ್ತೆಗೆ ಬೆನ್ನು ಹಾಕಿದಳು. ಆಚೆ ಬದಿಗೆ ಹೋಗಬೇಕಾದರೆ ಸುತ್ತು ಬಳಸಿ ದೂರದ ಮೇಲ್ಸೇತುವೆ ಹತ್ತಿ ಇಳಿಯುತ್ತಿದ್ದಳು. ಹತ್ತಿಯ ಲಾರಿ ಬಂದ ದಿನ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೂಟೆ ಇಳಿಸಿಕೊಳ್ಳುವುದು, ಹಮಾಲರ ಜೊತೆ ಜಗಳವಾಡುವುದು ಎಲ್ಲ ಅತ್ತೆಯ ಪಾಲು. ಹಾಗೆಯೇ ಮಗಳನ್ನು ಓದಿಸಿದಳು. ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಅಲ್ಲೇ ಲ್ಯಾಬಿನಲ್ಲಿದ್ದ ಹುಡುಗನನ್ನು ಕಟ್ಟಿಕೊಂಡು, ಎರಡು ಬೀದಿಯಾಚೆ ಮನೆ ಮಾಡಿದಳು. ಮಾವ ಆಗಲೇ ತೀರಿಕೊಂಡಿದ್ದ. ಹಾಸಿಗೆ ಅಂಗಡಿಯ ಮಹಡಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

ಅತ್ತೆಗೆ ಕಿವಿ ಮಂದ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ದಿನವಿಡೀ ಮಹಡಿಯ ಕಿಟಕಿಯಲ್ಲಿ ಕೂತು ಬೀದಿಯಲ್ಲಿ ನಡೆದದ್ದನ್ನೆಲ್ಲ ಗಟ್ಟಿಯಾಗಿ ಕೆಳಗೆ ಒದರುತ್ತಿದ್ದಳು. ಆ ದಿನ ಬೆಳಿಗ್ಗೆಯೂ ಸುದ್ದಿ ಬಂದದ್ದು ಅಲ್ಲಿಂದಲೇ.

"ಏ ಇವಳೇ! ಲಾರಿಗಳು ಬಂದು ಸಾಲಾಗಿ ನಿಂತಿವೆ ಕಣೇ! ಬಾಲ ಕಾಣ್ತಿಲ್ಲ!"

ಹಾಸಿಗೆಯಕ್ಕ ತಿರುಗಿ ನೋಡಲಿಲ್ಲ. "ನಿಂತ್ರೆ ನಿಲ್ಲಲಿ ಬಿಡಿ."

"ನಿಂತಿದ್ರೆ ಹೋಗ್ಲಿ ಅನ್ನಬಹುದಿತ್ತು. ಇವರು ಇಳಿದು ಚಾಪೆ ಹಾಸ್ಕೊಂಡು ಮಲಗ್ತಿದ್ದಾರೆ!"

ನಡೆದದ್ದು ಇಷ್ಟು. ಹೆದ್ದಾರಿಗಳ ಪಕ್ಕದಲ್ಲಿ ಲಾರಿ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳಲು ಹಿಂದಿನಿಂದಲೂ ಇದ್ದ ತಂಗುದಾಣಗಳನ್ನು ಸರ್ಕಾರ ಒಂದೊಂದಾಗಿ ಮುಚ್ಚಿ, ಆ ಜಾಗಗಳನ್ನು ಬೇರೆ ಬೇರೆ ಉದ್ದೇಶಕ್ಕೆ ಕೊಟ್ಟುಬಿಟ್ಟಿತ್ತು. ಅದಾದ ಮೇಲೆ, ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿದರೆ ಲೈಸೆನ್ಸ್ ಕಿತ್ತುಕೊಳ್ಳಲಾಗುವುದು ಎಂಬ ಹೊಸ ಕಾನೂನು ತಂದಿತು. ನಿಲ್ಲಿಸಲು ಜಾಗವಿಲ್ಲ, ನಿಲ್ಲಿಸಿದರೆ ತಪ್ಪು. ಹಾಗಾದರೆ ನಾವು ಎಲ್ಲಿ ಮಲಗಬೇಕು ಎಂದು ಡ್ರೈವರುಗಳು ಮನವಿ ಕೊಟ್ಟು ಕೊಟ್ಟು ಸಾಕಾಗಿ, ದೇಶದ ಊರೂರಿನ ವರ್ತುಲ ರಸ್ತೆಗಳಲ್ಲಿ ಲಾರಿ ನಿಲ್ಲಿಸಿ, ಕೆಳಗೆ ಮಲಗಿಬಿಟ್ಟಿದ್ದರು. ಕೂಗಾಟವಿಲ್ಲ, ಕಲ್ಲು ತೂರಾಟವಿಲ್ಲ. ಹಾಡಹಗಲಲ್ಲಿ ನಿದ್ದೆ.

ಮೊದಲ ದಿನ ಜನರಿಗೆ ಅದೊಂದು ತಮಾಷೆ. ಶಾಲೆಗೆ ಹೋಗುವ ಮಕ್ಕಳು ಯಾರ ಗೊರಕೆ ಜೋರು ಎಂದು ಪಂದ್ಯ ಕಟ್ಟಿದರು. ಔಷಧಿ ಅಂಗಡಿಯವರು, "ಇಂಥ ಮುಷ್ಕರ ಆದ್ರೆ ನಾನೂ ಸೇರ್ತೀನಿ, ಊಟ ಆದ್ಮೇಲೆ ದಿನಾ ಮಾಡ್ತೀನಿ" ಎಂದು ನಕ್ಕರು. ಆಮೇಲೆ ಬೇಕರಿಯ ಗಾಜಿನ ಕಪಾಟು ಖಾಲಿಯಾಯಿತು. ಮೈದಾ ಹೊತ್ತ ಲಾರಿ ಎಲ್ಲೋ ಯಾವುದೋ ಊರ ಹೊರಗೆ ಮಲಗಿತ್ತು. ತರಕಾರಿ ಸಂತೆಯಲ್ಲಿ ಬಾಡಿದ ಈರುಳ್ಳಿಗೂ ಜನ ಕಿತ್ತಾಡಿದರು. ಹಾಲಿಗೆ ಸರತಿ, ಪೆಟ್ರೋಲಿಗೆ ಸರತಿ. ನಗು ಮಾಯವಾಗಿ ಗೊಣಗಾಟ ಶುರುವಾಯಿತು. ಗೊಣಗಾಟ ಬೈಗುಳಕ್ಕೆ ತಿರುಗಲು ತಡವಾಗಲಿಲ್ಲ. "ನಾವೇನು ಇವರನ್ನ ಜೋಗುಳ ಹಾಡಿ ಮಲಗಿಸ್ಬೇಕಾ?" ಎಂದು ಬಸ್ಸಿಗೆ ಕಾದು ನಿಂತವನೊಬ್ಬ ಕಿರುಚಿದ. ಎದುರು ಸಾಲಿನ ಮಹಡಿಯಿಂದ, ಯಾವಾಗಲೂ ನ್ಯಾಯ ನೀತಿ ಮಾತಾಡುವ ನಿವೃತ್ತ ಮೇಷ್ಟ್ರು ಒಂದು ಬಕೆಟ್ ನೀರು ತಂದು ಕೆಳಗೆ ಮಲಗಿದ್ದವರ ಮೇಲೆ ಸುರಿದರು. ಮಲಗಿದ್ದವರು ಎದ್ದು, ಮೇಲೆ ನೋಡಿ, ಚಾಪೆ ಕೊಡವಿ ಬಿಸಿಲಿಗೆ ಹರವಿದರು. ಅದು ಮೇಷ್ಟ್ರಿಗೆ ಇನ್ನಷ್ಟು ಸಿಟ್ಟು ತರಿಸಿತು.

ಬೀದಿಯವರು ಸೇರಿ, ಜಿಲ್ಲೆಯ ಅಧಿಕಾರಿಯನ್ನು ಶಾಲೆಯ ಸಭಾಂಗಣಕ್ಕೆ ಕರೆಸಿ, ಲಾರಿಗಳನ್ನು ಎಳೆಸಿ ಹಾಕಿ ಎಂದು ಕೇಳುವುದೆಂದು ತೀರ್ಮಾನಿಸಿದರು. ಮುಂದಾಳು ಔಷಧಿ ಅಂಗಡಿಯವರು. ಒಂದು ಮಧ್ಯಾಹ್ನ ಅವರು ಬೇಕರಿಯಾತನನ್ನು ಜೊತೆ ಮಾಡಿಕೊಂಡು ಹಾಸಿಗೆ ಅಂಗಡಿಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಸುತ್ತಿಟ್ಟ ಹಾಸಿಗೆಯೊಂದನ್ನು ಸವರುತ್ತ ಮಾತು ಎಲ್ಲಿಂದ ಶುರುಮಾಡುವುದೆಂದು ತಡವರಿಸಿದರು.

"ಅಕ್ಕಾ, ಸಭೇಲಿ ನೀವು ಮಾತಾಡ್ಬೇಕು" ಎಂದರು ಕೊನೆಗೆ.

"ನಾನಾ? ನನಗೇನು ಮಾತು ಬರುತ್ತೆ?"

"ನಾವು ಹೇಳಿದ್ರೆ ವ್ಯಾಪಾರ ಹೋಯ್ತು ಅಂತ ಹೇಳ್ತಿದ್ದಾರೆ ಅಂದ್ಕೋತಾರೆ. ನೀವು ಹೇಳಿದ್ರೆ ತೂಕ ಬೇರೆ. ಈ ಲಾರಿಯವರಿಂದ ಏನು ಕಳ್ಕೊಂಡಿದ್ದೀರಿ ಅಂತ ಒಂದು ನಾಲ್ಕು ಮಾತು. ಸಾಕು. ಅಧಿಕಾರಿ ಬಾಯಿ ಮುಚ್ಚಿಕೊಂಡು ಕ್ರೇನ್ ಕಳಿಸ್ತಾರೆ."

ಹಾಸಿಗೆಯಕ್ಕನ ಕೈಯಲ್ಲಿದ್ದ ದಬ್ಬಳ ನಿಂತಿತು. ಇಷ್ಟು ವರ್ಷ ಯಾರೂ ಅವಳೆದುರು ಆ ಮಾತು ತೆಗೆದಿರಲಿಲ್ಲ. ಈಗ ತೆಗೆದದ್ದು ಅವಳಿಗೆ ನೋವಾಯಿತೋ, ಕೊನೆಗೂ ಯಾರೋ ಕೇಳಿದರಲ್ಲ ಎಂದು ಹಗುರಾಯಿತೋ, ಅವಳಿಗೇ ತಿಳಿಯಲಿಲ್ಲ. "ಆಯ್ತು, ಮಾತಾಡ್ತೀನಿ" ಎಂದಳು. ಹೇಳಿದ ಮೇಲೆ ತಾನೇ ಬೆಚ್ಚಿದಳು.

ಅವರು ಹೋದ ಮೇಲೆ ಮಹಡಿಗೆ ಹೋಗಿ ಅತ್ತೆಗೆ ತಿಳಿಸಿದಳು. ಎರಡು ಸಲ ಕೂಗಿ ಹೇಳಬೇಕಾಯಿತು. ಅತ್ತೆ ಕಿಟಕಿಯಿಂದ ಕಣ್ಣು ಕೀಳದೆ ಕೇಳಿದಳು: "ಯಾರನ್ನ ಬೈಯ್ತೀಯ?"

"ಇವರನ್ನೇ. ಲಾರಿಯವರನ್ನ."

"ನೋಡಿದ್ದೀಯಾ?"

"ಏನು ನೋಡೋದು?"

"ಮುಖ ಕಣೇ, ಮುಖ! ನಾನು ಹುಟ್ಟಿದಾಗಿನಿಂದ ಎಷ್ಟು ಜನರನ್ನ ಬೈದಿಲ್ಲ? ನಿನ್ನ ಮಾವನನ್ನ ಬೈದೆ, ನಿನ್ನನ್ನ ಬೈದೆ, ಹಮಾಲರನ್ನ ಬೈದೆ. ಒಬ್ಬರನ್ನಾದ್ರೂ ಮುಖ ನೋಡದೆ ಬೈದಿದ್ದೀನಾ? ಮುಖ ನೋಡದೆ ಬೈದ್ರೆ ಬೈದ ಹಾಗಿರಲ್ಲ. ಹೋಗು, ನೋಡ್ಕೊಂಡು ಬಾ. ಆಮೇಲೆ ಬೇಕಾದ್ದು ಬೈಯ್ಯಿ."

ಸತ್ತವನು ಆ ಮುದುಕಿಯ ಮಗನೂ ಹೌದಲ್ಲವೇ ಎಂದು ಹಾಸಿಗೆಯಕ್ಕನಿಗೆ ಆಗ ಹೊಳೆಯಿತು. ಅತ್ತೆ ಇಷ್ಟು ವರ್ಷ ದಿನವೂ ಅದೇ ರಸ್ತೆಯನ್ನು ನೋಡುತ್ತ ಕೂತಿದ್ದಾಳೆ. ತಾನು ಬೆನ್ನು ಹಾಕಿದ್ದನ್ನು ಅತ್ತೆ ಎದೆಗೊಟ್ಟು ನೋಡಿದ್ದಾಳೆ.

ಕೆಳಗಿಳಿದು, ಹೆಗಲಿಗೆ ಶಾಲು ಹಾಕಿಕೊಂಡು, ಅಂಗಡಿಯ ಬಾಗಿಲು ಅರ್ಧ ಎಳೆದು ಅವಳು ರಸ್ತೆಯಂಚಿಗೆ ಬಂದು ನಿಂತಳು. ರಸ್ತೆಯಲ್ಲಿ ಓಡುವ ಗಾಡಿಯೇ ಇರಲಿಲ್ಲ. ಎಂಥ ಅಂಜುಬುರುಕರೂ ಕಣ್ಣು ಮುಚ್ಚಿಕೊಂಡು ದಾಟಬಹುದಿತ್ತು. ಆದರೂ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ ದಾಟಿದಳು.

ಹತ್ತಿರದಿಂದ ಲಾರಿ ಅಷ್ಟು ದೊಡ್ಡದಿರುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು. ಚಕ್ರದ ಮೇಲಂಚು ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಎಂಜಿನ್ ತಣ್ಣಗಾಗಿ ಎಣ್ಣೆ, ಧೂಳು, ಬೆವರಿನ ವಾಸನೆ. ಲಾರಿಗಳ ಹೊಟ್ಟೆಯ ಕೆಳಗೆ ನೆರಳಿನಲ್ಲಿ ಜನ ಮಲಗಿದ್ದರು. ಅವಳಿಗೆ ಕಸುಬಿನ ಕಣ್ಣಿನಿಂದ ನೋಡದೆ ಇರಲಾಗಲಿಲ್ಲ. ಒಬ್ಬ ಮೊಣಕಾಲು ಮಡಚಿ, ಒಬ್ಬ ತೋಳನ್ನೇ ದಿಂಬು ಮಾಡಿ, ಒಬ್ಬ ಬಾಯಿ ತೆರೆದು. ಮುಷ್ಕರಕ್ಕೆಂದು ಮಲಗಿದವರು ಹೀಗೆ ಮಲಗುವುದಿಲ್ಲ. ಎಷ್ಟೋ ಕಾಲದ ಬಾಕಿ ನಿದ್ದೆ ಅದು.

ಎಚ್ಚರವಿದ್ದವನು ಒಬ್ಬನೇ. ದಪ್ಪ ಮೀಸೆಯ, ವಯಸ್ಸಾದ ಡ್ರೈವರ್, ಲಾರಿಯ ಕನ್ನಡಿಯಲ್ಲಿ ನೋಡಿಕೊಂಡು ಗಡ್ಡ ಕೆರೆದುಕೊಳ್ಳುತ್ತಿದ್ದ. ಅರ್ಧ ಮುಖಕ್ಕೆ ಸೋಪಿನ ನೊರೆ. ಅವಳನ್ನು ಕಂಡು ಗಾಬರಿಯಾಗಿ ಟವೆಲಿನಿಂದ ನೊರೆ ಒರೆಸಿಕೊಂಡ.

"ನೀರು ಹಾಕೋಕೆ ಬಂದ್ರೇನಮ್ಮಾ? ನಾನೊಬ್ಬ ಇದ್ದೀನಿ, ನನ್ನ ಮೇಲೆ ಹಾಕಿ. ಇವರು ಮಲಗಿರಲಿ."

"ನೀರು ಹಾಕೋಕೆ ಬಂದಿಲ್ಲ. ಒಂದು ಮಾತು ಕೇಳೋಕೆ ಬಂದೆ. ನಿಜ ಹೇಳ್ತೀರಾ?"

"ಕೇಳಿ."

"ಗಾಡಿ ಓಡಿಸುವಾಗ ನಿಮಗೆ ನಿದ್ದೆ ಬರುತ್ತಾ?"

ಮೀಸೆಯವನು ಆಚೀಚೆ ನೋಡಿದ. ಆ ಪ್ರಶ್ನೆಗೆ ಹೊರಗಿನವರೆದುರು ಏನು ಉತ್ತರ ಕೊಡಬೇಕೆಂದು ಅವರಿಗೆಲ್ಲ ಪಾಠವಾಗಿತ್ತು. ಅವಳ ಮುಖದಲ್ಲಿ ಏನು ಕಂಡನೋ, ಕ್ಷೌರದ ಕತ್ತಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಬರುತ್ತಮ್ಮಾ" ಎಂದ. "ದಿನಾ ಬರುತ್ತೆ. ರಸ್ತೆ ಮಧ್ಯದ ಬಿಳಿ ಗೆರೆ ಎರಡಾಗುತ್ತೆ. ಕೆನ್ನೆಗೆ ಹೊಡ್ಕೋತೀನಿ, ಹಸಿಮೆಣಸಿನಕಾಯಿ ಕಚ್ತೀನಿ, ಬಾಯಿಗೆ ಬಂದ ಹಾಡು ಕೂಗ್ತೀನಿ. ಒಂದ್ಸಲ ಕಣ್ಣು ಬಿಟ್ಟಾಗ ಗಾಡಿ ಒಂದು ಮನೆ ಗೋಡೆ ಮುಂದೆ ನಿಂತಿತ್ತು. ಗೋಡೆ ಮೇಲೆ ಮಕ್ಕಳ ಬಟ್ಟೆ ಒಣಗ್ತಿದ್ವು. ನಾನು ನಿಲ್ಲಿಸಿದ್ದಲ್ಲ. ಮುಂದಿನ ಚಕ್ರ ಮರಳಲ್ಲಿ ಹೂತು ತಾನೇ ನಿಂತಿದ್ದು. ಇವತ್ತಿನವರೆಗೆ ಯಾರನ್ನೂ ಸಾಯಿಸಿಲ್ಲ ನಾನು. ಅದು ನನ್ನ ಒಳ್ಳೇತನ ಅಲ್ಲ. ಪುಣ್ಯ, ಅಷ್ಟೇ."

ಹಾಸಿಗೆಯಕ್ಕ ತಾನು ದಾಟಿ ಬಂದ ಜಾಗದತ್ತ ಕೈ ತೋರಿಸಿದಳು. "ಅಲ್ಲಿ ನನ್ನ ಗಂಡ ನಿಂತಿದ್ರು. ಗಾಡಿ ಸೀದಾ ಬಂತು. ಡ್ರೈವರ್ ಬ್ರೇಕ್ ಹಿಡೀಲಿಲ್ಲ ಅಂದ."

ಅವನು ಆ ಕಡೆ ನೋಡಿದ. ಹಾರ್ನ್ ಕೇಳಿಸಿತೇ, ಚಕ್ರ ಉಜ್ಜಿದ ಗುರುತಿತ್ತೇ ಎಂದು ಮೆಲ್ಲಗೆ ಕೇಳಿದ. ಎರಡಕ್ಕೂ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಬ್ರೇಕ್ ತುಳಿದೇ ಇಲ್ಲಮ್ಮಾ. ನಿದ್ದೆ ಹೋಗಿದ್ದಾನೆ. ಬ್ರೇಕ್ ಅಂತ ಹೇಳು ಅಂತ ಅವನಿಗೆ ಯಾರೋ ಹೇಳಿಕೊಟ್ಟಿರ್ತಾರೆ. ನಿದ್ದೆ ಅಂದ್ರೆ ಮತ್ತೆ ಯಾರೂ ಸ್ಟಿಯರಿಂಗ್ ಮುಟ್ಟೋಕೆ ಬಿಡಲ್ಲ." ಆಮೇಲೆ ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅವನ ಪರವಾಗಿ ನಾನು ಏನು ಹೇಳಿದ್ರೂ ಸರಿಹೋಗಲ್ಲ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ನಿದ್ದೆ ಬರುತ್ತೆ ಅಂತ ಗೊತ್ತಿದ್ದೂ ಯಾಕ್ರೀ ಓಡಿಸ್ತೀರಿ? ಹೇಳಿ! ಯಾಕೆ ಓಡಿಸ್ತೀರಿ?"

ಅವಳ ದನಿಗೆ ಲಾರಿಯ ಕೆಳಗೆ ಮಲಗಿದ್ದ ಒಬ್ಬಿಬ್ಬರು ತಲೆ ಎತ್ತಿದರು.

"ನಾವು ಅದನ್ನೇ ಕೇಳೋಕೆ ಇಲ್ಲಿ ಮಲಗಿದ್ದೀವಮ್ಮಾ" ಎಂದ ಮೀಸೆಯವನು.

ಅವಳು ತಿರುಗಿ ಬಂದಳು. ಆ ಸಂಜೆ ಹೊಲಿದದ್ದೆಲ್ಲ ವಕ್ರವಾಯಿತು, ಬಿಚ್ಚಿ ಹಾಕಿದಳು. ಅತ್ತೆ ಏನಾಯಿತೆಂದು ಕೇಳಲಿಲ್ಲ. ಊಟದ ಹೊತ್ತಿಗೆ ಹಾಸಿಗೆಯಕ್ಕನೇ ಬಾಯಿಬಿಟ್ಟಳು. "ನಿದ್ದೆ ಹೋಗಿದ್ನಂತೆ ಅತ್ತೆ" ಎಂದು ಗಟ್ಟಿಯಾಗಿ ಹೇಳಿದಳು. ಅತ್ತೆಗೆ ಮೊದಲ ಸಲಕ್ಕೇ ಕೇಳಿಸಿತು. ಮುದುಕಿ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮುರಿಯುತ್ತ, "ನನಗೆ ಹಾಗೇ ಅನ್ಸಿತ್ತು" ಎಂದಳು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ಕುರ್ಚಿ ಸಾಲದೆ ಜನ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದರು. ಅಧಿಕಾರಿ ಎಳೆವಯಸ್ಸಿನವನು, ಬಳಲಿದ್ದ. ಮೇಷ್ಟ್ರು ಕಾನೂನು ಸುವ್ಯವಸ್ಥೆಯ ಬಗ್ಗೆ ಮಾತಾಡಿದರು. ಬೇಕರಿಯಾತ ಒಲೆ ಆರಿಹೋದ ಕಥೆ ಹೇಳಿದ. ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡು, "ಇನ್ನು ಈ ಲಾರಿಗಳಿಂದಾಗಿ ಬದುಕಿನಲ್ಲಿ ಎಲ್ಲರಿಗಿಂತ ಹೆಚ್ಚು ಕಳ್ಕೊಂಡವರು ಮಾತಾಡ್ತಾರೆ" ಎಂದರು.

ಹಾಸಿಗೆಯಕ್ಕ ಎದ್ದು ನಿಂತಳು. ಮೈಕು ಬೇಡವೆಂದಳು. ಕಿವಿ ಮಂದ ಅತ್ತೆಯೊಡನೆ ಬದುಕಿದವಳಿಗೆ ಮೈಕೇಕೆ?

"ನನ್ನ ಗಂಡನ್ನ ಲಾರಿ ಕೊಂದಿದ್ದು ನಿಮಗೆಲ್ಲ ಗೊತ್ತು. ನಾನೂ ಹಾಗೇ ಅಂದ್ಕೊಂಡಿದ್ದೆ. ನಿನ್ನೆ ಹೋಗಿ ಅವರನ್ನೇ ಕೇಳ್ದೆ. ಕೊಂದಿದ್ದು ನಿದ್ದೆ. ಆ ಡ್ರೈವರ್ ಎಲ್ಲೋ ಒಂದು ಕಡೆ ಎರಡು ಗಂಟೆ ಮಲಗಿ ಬಂದಿದ್ರೆ ನನ್ನ ಯಜಮಾನ್ರು ಇವತ್ತು ಇಲ್ಲಿ ಈ ಬೆಂಚಿನ ಮೇಲೆ ಸಿಳ್ಳೆ ಹೊಡ್ಕೊಂಡು ಕೂತಿರ್ತಿದ್ರು. ಸಾಹೇಬ್ರೇ, ಕ್ರೇನ್ ತಂದು ಇವರನ್ನ ಎಬ್ಬಿಸಿ ಕಳಿಸ್ತೀರಿ. ನಿದ್ದೆಗಣ್ಣಲ್ಲೇ ಹೋಗ್ತಾರೆ. ಮುಂದಿನ ಊರಲ್ಲಿ ಇನ್ಯಾರದೋ ಗಂಡ ರಸ್ತೆ ದಾಟೋಕೆ ನಿಂತಿರ್ತಾನೆ. ಇವರಿಗೆ ಮಲಗೋಕೆ ಜಾಗ ಕೊಡಿ. ನಾನು ಕೇಳೋದು ಅಷ್ಟೇ."

ಹಿಂದಿನ ಬೆಂಚಿನಿಂದ ಯಾರೋ, "ಇವಳೇನು ನಮ್ಮ ಕಡೆಯೋ ಅವರ ಕಡೆಯೋ?" ಎಂದು ಕೂಗಿದರು. ಗದ್ದಲವೆದ್ದಿತು. ಬೇಕರಿಯಾತ ಅಳುಮುಖ ಮಾಡಿಕೊಂಡು, "ಹಾಗಾದ್ರೆ ನಾನೇನು ಮಾಡ್ಲಿ ಅಕ್ಕಾ? ಬಾಗಿಲು ಹಾಕ್ಲಾ?" ಎಂದು ಕೇಳಿದ.

"ನನಗೆ ಗೊತ್ತಿಲ್ಲಪ್ಪಾ" ಎಂದಳು ಅವಳು. "ನಂದೂ ಹತ್ತಿ ಬಂದಿಲ್ಲ. ಕಷ್ಟ ಅಲ್ಲ ಅಂತ ನಾನು ಹೇಳ್ತಿಲ್ಲ."

ಅಧಿಕಾರಿ ಮೇಲಿನವರಿಗೆ ತಿಳಿಸುತ್ತೇನೆಂದು ಹೇಳಿ ಎದ್ದು ಹೋದ. ಆದರೆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹಾಸಿಗೆಯಕ್ಕನನ್ನು ತಿರುಗಿ ನೋಡಿದ. ಕ್ರೇನ್ ಅಂದೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಬೀದಿ ಅವಳ ಮೇಲೆ ಮುನಿಸಿಕೊಂಡಿತು. ಔಷಧಿ ಅಂಗಡಿಯವರು ಎದುರು ಸಿಕ್ಕರೆ ಆಕಾಶ ನೋಡತೊಡಗಿದರು. ಒಬ್ಬ ಗಿರಾಕಿ, ಮಾಡಲು ಹೇಳಿದ್ದ ಹಾಸಿಗೆ ಬೇಡವೆಂದು ಮಗನ ಕೈಲಿ ಹೇಳಿ ಕಳಿಸಿದ. ಹಾಸಿಗೆಯಕ್ಕ ಅದಕ್ಕೆ ತಲೆಕೆಡಿಸಿಕೊಳ್ಳುವಷ್ಟರಲ್ಲಿ ಮಗಳು ಆಸ್ಪತ್ರೆಯಿಂದ ಏದುಸಿರು ಬಿಡುತ್ತ ಬಂದಳು.

"ಅಮ್ಮಾ, ಸಲೈನ್ ಬಾಟಲಿ ಮುಗೀತಾ ಬಂದಿದೆ. ಸಕ್ಕರೆ ಕಾಯಿಲೆಯವರ ಇಂಜೆಕ್ಷನ್ನೂ ಇಲ್ಲ. ನೀನು ಅವರನ್ನ ವಹಿಸ್ಕೊಂಡು ಮಾತಾಡಿ ಬಂದೆ, ಸಂತೋಷ. ಈಗ ವಾರ್ಡಿನಲ್ಲಿರೋರಿಗೆ ನಾನೇನು ಹೇಳ್ಲಿ?"

ತಾಯಿ ಮಗಳ ಮುಖ ನೋಡಿದಳು. ಸಭೆಯಲ್ಲಿ ಬೇಕರಿಯಾತ ಕೇಳಿದ ಪ್ರಶ್ನೆಯೇ ಇದು. ಆದರೆ ಈ ಸಲ ಗೊತ್ತಿಲ್ಲ ಎಂದರೆ ಆಗದು. "ನಡಿ" ಎಂದು ಶಾಲು ಹೊದ್ದುಕೊಂಡಳು. ಈ ಸಲ ರಸ್ತೆ ದಾಟುವಾಗ ಮಗಳ ಕೈ ಹಿಡಿದುಕೊಂಡಿದ್ದಳು. ಯಾರು ಯಾರನ್ನು ದಾಟಿಸಿದರೋ.

ಮೀಸೆಯವನು ಮಗಳ ಮಾತು ಪೂರ್ತಿ ಕೇಳಿದ. ಬೇರೆ ಡ್ರೈವರುಗಳನ್ನು ಎಬ್ಬಿಸಿ ಕೂರಿಸಿಕೊಂಡ. ಅಲ್ಲೂ ವಾದವಾಯಿತು. "ಒಂದು ಬಿಟ್ರೆ ಎಲ್ಲಾ ಬಿಡಬೇಕಾಗುತ್ತೆ" ಎಂದು ಒಬ್ಬ ಎಗರಾಡಿದ. "ಬಿಡದೇ ಇದ್ರೆ ನಾಳೆ ಜನ ನೀರಲ್ಲ, ಬೆಂಕಿ ಹಾಕ್ತಾರೆ" ಎಂದು ಇನ್ನೊಬ್ಬ. ಕೊನೆಗೆ ಮೀಸೆಯವನು ತನ್ನ ಸಂಘದವರಿಗೆ ಫೋನು ಮಾಡಿ, ದನಿ ಏರಿಸಿ ಇಳಿಸಿ, ಔಷಧಿ ಮತ್ತು ಹಾಲಿನ ಗಾಡಿಗಳು ಓಡಬೇಕೆಂದು ಒಪ್ಪಿಸಿದ. "ಚೆನ್ನಾಗಿ ಮಲಗಿ ಎದ್ದವರು ಯಾರಿದ್ದೀರಿ? ಅವರು ಮಾತ್ರ ಹೋಗಿ" ಎಂದ. ಅಂದು ಮಧ್ಯಾಹ್ನವೇ ಮೂರು ಲಾರಿಗಳು ಎದ್ದವು.

ಔಷಧಿ ಇಳಿಸಿದ್ದು ಆಸ್ಪತ್ರೆಗೆ ಮಾತ್ರವಲ್ಲ. ಅರ್ಧ ಪೆಟ್ಟಿಗೆಗಳು ಔಷಧಿ ಅಂಗಡಿಯ ಮುಂದೆ ಇಳಿದವು. ಅಂಗಡಿಯವರು ಕೌಂಟರಿನ ಹಿಂದೆ ಬಿಗಿದ ಮುಖದಲ್ಲಿ ಪೆಟ್ಟಿಗೆಗಳನ್ನು ಒಳಗಿಡಿಸಿಕೊಂಡರು. ಡ್ರೈವರ್ ಹೊರಡುವಾಗ ಮಾತ್ರ, "ತಡೀರಿ" ಎಂದು, ಒಂದು ಲೋಟ ಚಹಾ ತರಿಸಿ ಅವನ ಮುಂದೆ ಕುಕ್ಕಿದರು. ಪ್ರೀತಿಯಿಂದ ಕೊಟ್ಟ ಹಾಗೆ ಕಾಣಲಿಲ್ಲ. ಆದರೂ ಬಿಸಿಯಾಗಿತ್ತು.

ಅಲ್ಲಿಂದ ಬೀದಿಯ ಗಾಳಿ ಮೆಲ್ಲಗೆ ತಿರುಗಿತು. ಯಾವಾಗ ತಿರುಗಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಶಾಲೆಯ ಮುಖ್ಯಶಿಕ್ಷಕಿ ಮೈದಾನದ ನಲ್ಲಿ ಮತ್ತು ಶೌಚಾಲಯದ ಬೀಗ ತೆಗೆಸಿದರು. ಬೇಕರಿಯಾತ ಸುಮ್ಮನೆ ಕೂತು ಬೇಸತ್ತು ಮೀಸೆಯವನ ಜೊತೆ ಚೌಕಾಬಾರ ಆಡಲು ಹೋದ, ಸೋತ, ಮರುದಿನ ಸೇಡು ತೀರಿಸಿಕೊಳ್ಳಲು ಮತ್ತೆ ಹೋದ. ಮೇಷ್ಟ್ರು ತಮ್ಮ ಮಹಡಿಯಿಂದ ಇಳಿದು ಬಂದು, ಬಿಸಿಲು ನೇರ ಬೀಳುತ್ತಿದ್ದ ಕಡೆ ಹಳೆಯ ಟಾರ್ಪಾಲು ಕಟ್ಟಿಸಿದರು. ಗಂಟು ಸರಿಯಾಗಿಲ್ಲವೆಂದು ಡ್ರೈವರುಗಳಿಗೇ ಗಂಟು ಹಾಕುವ ಪಾಠ ಮಾಡಿದರು. ಅವರು ಬಾಯಿಮುಚ್ಚಿಕೊಂಡು ಕಲಿತರು. ಹಾಸಿಗೆಯಕ್ಕ ಗಿರಾಕಿಗಳು ಬಿಟ್ಟುಹೋದ ಹಳೆಯ ಹಾಸಿಗೆಗಳನ್ನು ಬಿಚ್ಚಿ, ಹತ್ತಿ ಬಡಿದು ಹಗುರ ಮಾಡಿ, ಮತ್ತೆ ತುಂಬಿ ರಸ್ತೆಯಾಚೆ ಹೊತ್ತುಕೊಂಡು ಹೋದಳು. ಕೊಡುವ ಮೊದಲು, ಹೇಗೆ ಮಲಗುತ್ತೀರೆಂದು ಒಬ್ಬೊಬ್ಬರನ್ನೂ ಕೇಳಿದಳು. "ಸೀಟಿನಲ್ಲಿ ಕೂತ್ಕೊಂಡೇ ಮಲಗಿ ಅಭ್ಯಾಸ ಅಕ್ಕಾ, ಉದ್ದಕ್ಕೆ ಮಲಗೋದು ಹೇಗೆ ಅಂತ ಮರೆತೋಗಿದೆ" ಎಂದ ಒಬ್ಬ. ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ನಕ್ಕರು.

ಎಲ್ಲರೂ ಬದಲಾದರು ಎನ್ನುವಂತಿಲ್ಲ. ಹಾಸಿಗೆ ಬೇಡವೆಂದವನು ಬೇಡವೆಂದೇ ಉಳಿದ. ತರಕಾರಿ ಸಂತೆಯವರು ಕೊನೆಯವರೆಗೂ ಶಾಪ ಹಾಕಿದರು, ಅವರಿಗಾದ ನಷ್ಟ ಸುಳ್ಳೂ ಅಲ್ಲ. ಆದರೆ ಬೇರೆ ಊರುಗಳಿಂದಲೂ ಇಂಥದೇ ಸುದ್ದಿ ಬರತೊಡಗಿತು. ಜನ ಲಾರಿಯವರಿಗೆ ನೆರಳು ಮಾಡಿಕೊಡುತ್ತಿದ್ದಾರೆ, ನೀರು ಕೊಡುತ್ತಿದ್ದಾರೆ ಎಂದು. ಹಾಡಹಗಲಲ್ಲಿ ಮಲಗಿದವರನ್ನು ಲಾಠಿಯಿಂದ ಎಬ್ಬಿಸುವುದು ಚೆನ್ನಾಗಿ ಕಾಣುವುದಿಲ್ಲವೆಂದು ಸರ್ಕಾರಕ್ಕೂ ಅನ್ನಿಸಿರಬೇಕು. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಪ್ರಕಟಣೆ ಬಂತು. ಲೈಸೆನ್ಸ್ ಕಿತ್ತುಕೊಳ್ಳುವ ಕಾನೂನನ್ನು ತಡೆಹಿಡಿಯಲಾಗಿದೆ. ಮುಚ್ಚಿದ ತಂಗುದಾಣಗಳಲ್ಲಿ ಕೆಲವನ್ನು ಈಗಲೇ ತೆರೆಯಲಾಗುವುದು, ಉಳಿದವುಗಳ ಬಗ್ಗೆ ಪರಿಶೀಲಿಸಲಾಗುವುದು.

"ಪರಿಶೀಲಿಸೋದು ಅಂದ್ರೆ ಏನೇ?" ಎಂದು ಅತ್ತೆ ಕೇಳಿದಳು.

"ಸದ್ಯಕ್ಕೆ ಮಾಡಲ್ಲ ಅಂತ ಅತ್ತೆ."

"ಹಾಗಾದ್ರೆ ಮತ್ತೆ ಬಂದು ಮಲಗಲಿ. ನಾನು ಕಿಟಕೀಲೇ ಇರ್ತೀನಿ."

ಲಾರಿಗಳು ಒಂದೊಂದಾಗಿ ಹೊರಟವು. ಹಾಸಿಗೆಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಪ್ರತಿ ಎಂಜಿನ್ ಸದ್ದಿಗೂ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳುತ್ತಿದ್ದಳು. ಆದರೂ ಕೊನೆಯ ಲಾರಿ ಹೋಗುವವರೆಗೆ ಅಲ್ಲೇ ನಿಂತಿದ್ದಳು.

ಕೆಲವು ತಿಂಗಳ ಮೇಲೆ ಮೀಸೆಯವನು ಹತ್ತಿ ಮೂಟೆ ಇಳಿಸಲು ತಾನೇ ಬಂದ. ಹಾಸಿಗೆಯಕ್ಕ ಒಳಕೋಣೆಗೆ ಹೋಗಲಿಲ್ಲ. ಮೂಟೆ ಬಿಚ್ಚಿ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ, "ಇದೇನ್ರೀ ಇಷ್ಟು ಗಿಡ್ಡ ಎಳೆ? ಯಾರು ಆರಿಸಿ ಕೊಟ್ರು?" ಎಂದು ದಬಾಯಿಸಿದಳು.

"ನಾನು ಹೊರೋನು ಅಕ್ಕಾ, ಆರಿಸೋನಲ್ಲ. ಬೇಕಾದ್ರೆ ನೀವೇ ಬನ್ನಿ ಗಿರಣಿಗೆ. ನಾಡಿದ್ದು ಬೆಳಿಗ್ಗೆ ಹೊರಡ್ತೀನಿ. ಸೀಟು ಖಾಲಿ ಇದೆ."

ತಮಾಷೆಗೆ ಹೇಳಿದ ಮಾತದು. ಅವಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮಗಳು ಬೇಡವೆಂದಳು, ಅಳಿಯ ಬಸ್ಸಿದೆಯಲ್ಲ ಎಂದ. ಅತ್ತೆ ಮಾತ್ರ, "ಹೋಗ್ಲಿ ಬಿಡ್ರೋ. ಮುಂದೆ ಕೂತ್ರೆ ಎಲ್ಲಾ ಚೆನ್ನಾಗಿ ಕಾಣುತ್ತೆ" ಎಂದಳು.

ಹತ್ತುವಾಗ ಮೆಟ್ಟಿಲು ಎತ್ತರವಾಗಿ, ಮೀಸೆಯವನು ಮೇಲಿಂದ ಎಳೆದು, ಮಗಳು ಕೆಳಗಿಂದ ನೂಕಿ ಹತ್ತಿಸಬೇಕಾಯಿತು. ಮೊದಲ ಅರ್ಧ ದಾರಿ ಅವಳು ಸೀಟಿನ ಅಂಚು ಬಿಗಿಯಾಗಿ ಹಿಡಿದಿದ್ದಳು, ರಸ್ತೆಯಂಚಿನಲ್ಲಿ ಯಾರು ನಿಂತಿದ್ದರೂ "ಅಗೋ, ಅಲ್ಲಿ!" ಎನ್ನುತ್ತಿದ್ದಳು. ಅವನು ಒಂದು ಸಲವೂ ಬೇಸರಿಸಿಕೊಳ್ಳದೆ, "ನೋಡ್ದೆ ಅಕ್ಕಾ" ಎನ್ನುತ್ತಿದ್ದ. ಹೋಗುತ್ತ ಹೋಗುತ್ತ ಕೈ ಸಡಿಲವಾಯಿತು. ಅಷ್ಟು ಎತ್ತರದಿಂದ ಅವಳು ಲೋಕವನ್ನು ನೋಡಿರಲಿಲ್ಲ. ಬೇಲಿಯಾಚೆಯ ಹೊಲಗಳು, ಮನೆಗಳ ತಾರಸಿ, ದೂರದ ಹೊಳೆಯ ತಿರುವು ಎಲ್ಲ ಕಾಣುತ್ತಿದ್ದವು.

ನಡುಮಧ್ಯಾಹ್ನ ಅವನು ಲಾರಿಯನ್ನು ಹೆದ್ದಾರಿ ಬಿಟ್ಟು ಪಕ್ಕಕ್ಕೆ ತಿರುಗಿಸಿದ. ಮತ್ತೆ ತೆರೆದ ತಂಗುದಾಣವದು: ಮರಗಳ ನೆರಳಿನ ಅಗಲವಾದ ಅಂಗಳ, ಹೊಸದಾಗಿ ಸುಣ್ಣ ಬಳಿದ ಗೋಡೆ, ನೀರಿನ ತೊಟ್ಟಿ. ಮೂರ್ನಾಲ್ಕು ಲಾರಿಗಳು ಆಗಲೇ ನಿಂತಿದ್ದವು.

"ಏನಾಯ್ತು? ಗಾಡಿ ಕೆಟ್ಟಿತಾ?"

"ಇಲ್ಲಕ್ಕಾ. ಕಣ್ಣು ಎಳೀತಿದೆ. ಒಂದು ಗಂಟೆ ಮಲಗ್ತೀನಿ. ಗಿರಣಿಗೆ ತಡ ಆಗುತ್ತೆ, ಪರವಾಗಿಲ್ವಾ?"

"ಮಲಗಿ ಮಲಗಿ" ಎಂದಳು ಅವಳು. "ನಾನಿದ್ದೀನಿ."

ಅವನು ಸೀಟಿನ ಹಿಂದಿನ ಹಲಗೆಗೆ ಹತ್ತಿ, ಪಕ್ಕಕ್ಕೆ ತಿರುಗಿ ಮಲಗಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಹಾಸಿಗೆಯಕ್ಕ ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟು, ಹೆದ್ದಾರಿಯಲ್ಲಿ ಹೋಗಿ ಬರುವ ಗಾಡಿಗಳನ್ನು ಒಂದೊಂದಾಗಿ ನೋಡುತ್ತ ಕೂತಳು.